ಮೂಲೆ ಕಾಯುವವನ ಬೆಲೆ

ಕಬಡ್ಡಿಯ ಏಳು ಮಂದಿಯಲ್ಲಿ ಪ್ರೇಕ್ಷಕರ ಕಣ್ಣಿಗೆ ಕಡೆಗೆ ಬೀಳುವವನು ಅಂಕಣದ ಮೂಲೆಯಲ್ಲಿ ನಿಂತ ಆಟಗಾರ. ಎದುರಾಳಿಯ ರೈಡರ್ ನಡುಗೆರೆ ದಾಟಿದೊಡನೆ ಮೊದಲು ಅಳೆಯುವುದು ಮಾತ್ರ ಅವನನ್ನೇ. ಹಿಡಿಯುವ ತಂಡದ ಎರಡು ತುದಿಗಳಲ್ಲಿ ನಿಲ್ಲುವ ಈ ಇಬ್ಬರಿಗೆ ಆಟದ ಮಾತಿನಲ್ಲಿ ಎಡ ಕಾರ್ನರ್, ಬಲ ಕಾರ್ನರ್ ಎಂದು ಹೆಸರು. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರದ ಹಳ್ಳಿಗಳಲ್ಲಿ ಹೊನಲು ಬೆಳಕಿನ ಪಂದ್ಯಾವಳಿಗಳನ್ನು ನೋಡಿ ಬೆಳೆದವರಿಗೆ ಇದೇನೂ ಹೊಸ ಮಾತಲ್ಲ. ಹೊಸದಾಗಿ ಬಂದಿರುವುದು ಬೇರೆ: 2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಮೂಲೆ ಕಾಯುವ ಕೆಲಸಕ್ಕೂ ಹರಾಜಿನ ಬೆಲೆ, ಬರಹದ ಒಪ್ಪಂದ, ಉಳಿಸಿಕೊಳ್ಳುವ ಹಾಗೂ ಬಿಟ್ಟುಕೊಡುವ ನಿಯಮಗಳು ಬಂದಿವೆ, ಮತ್ತು ಹದಿನೆಂಟು ಹತ್ತೊಂಬತ್ತರ ಹುಡುಗನು ತನ್ನ ಆಟ ಇನ್ನೂ ಕೂಡಿಬರುವ ಮುನ್ನವೇ ಸಹಿ ಹಾಕಬೇಕಾದ ಕಾಗದಗಳು ಬಂದಿವೆ. ಕಾರ್ನರ್‌ನ ಆಟ ಹದಕ್ಕೆ ಬರಲು ಹಿಡಿಯುವ ಕಾಲ ಒಂದು, ಒಪ್ಪಂದದ ಕಾಗದ ಎಣಿಸುವ ಕಾಲ ಇನ್ನೊಂದು. ಯುವ ಆಟಗಾರನ ಭವಿಷ್ಯ ನಿಂತಿರುವುದು ಈ ಎರಡರ ನಡುವಿನ ಅಂತರದ ಮೇಲೆ.

ಆ ಕಾಲ ಏಕೆ ದೀರ್ಘವೆಂಬುದನ್ನು ತಿಳಿಯಲು ಅಂಕಣದ ಲೆಕ್ಕವನ್ನು ಮೊದಲು ನೋಡಬೇಕು. ಪುರುಷರ ಅಂಕಣವು 13 ಮೀಟರ್ ಉದ್ದ, 10 ಮೀಟರ್ ಅಗಲವಿದ್ದು, ನಡುಗೆರೆಯು ಅದನ್ನು ತಲಾ ಆರೂವರೆ ಮೀಟರ್‌ನ ಎರಡು ಪಾಳೆಯಗಳಾಗಿ ಒಡೆಯುತ್ತದೆ. ನಡುಗೆರೆಯಿಂದ 3.75 ಮೀಟರ್ ಒಳಗೆ ಬಾಕ್ ಗೆರೆ ಇರುತ್ತದೆ. ಯಾರನ್ನೂ ಮುಟ್ಟದೆ ಹಿಂದಿರುಗುವ ರೈಡರ್ ಕನಿಷ್ಠ ಈ ಗೆರೆಯನ್ನಾದರೂ ದಾಟಿರಬೇಕು. ಅಲ್ಲಿಂದ ಮತ್ತೊಂದು ಮೀಟರ್ ಆಚೆಗೆ ಬೋನಸ್ ಗೆರೆ. ಎದುರು ಪಾಳೆಯದಲ್ಲಿ ಆರು ಅಥವಾ ಏಳು ಮಂದಿ ಇರುವಾಗ ಒಂದು ಕಾಲನ್ನು ಈ ಗೆರೆಯಾಚೆ ಊರಿ ಇನ್ನೊಂದನ್ನು ಗಾಳಿಯಲ್ಲಿ ಎತ್ತಿದ ರೈಡರ್‌ಗೆ ಒಂದು ಅಂಕ ಸಿಗುತ್ತದೆ. ಬೋನಸ್ ಗೆರೆಯಿಂದ ಹಿಂಗೆರೆಯವರೆಗೆ ಉಳಿಯುವುದು ಒಂದೂಮುಕ್ಕಾಲು ಮೀಟರ್ ಆಳದ ಪಟ್ಟಿ. ಕಾರ್ನರ್‌ನ ಮನೆಯೆಂದರೆ ಅದೇ. ಅಂಕಣದ ಎರಡೂ ಪಕ್ಕಗಳಲ್ಲಿ ಲಾಬಿ ಎಂಬ ಒಂದೊಂದು ಮೀಟರ್‌ನ ಪಟ್ಟಿ ಇದ್ದು, ರೈಡರ್ ಯಾರನ್ನಾದರೂ ಮುಟ್ಟುವವರೆಗೆ ಅದು ಆಟದ ಹೊರಗಿನ ನೆಲ, ಮುಟ್ಟಿದ ಗಳಿಗೆಯಿಂದ ಒಳಗಿನ ನೆಲ. ತನ್ನ ಕಾಲ ಕೆಳಗಿನ ನೆಲದ ಅರ್ಥವೇ ಹೀಗೆ ಕ್ಷಣಕ್ಷಣಕ್ಕೆ ಬದಲಾಗುವುದನ್ನು ಅಂಕಣದಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಲೆಕ್ಕವಿಡಬೇಕಾದವನು ಕಾರ್ನರ್.

ಕಾರ್ನರ್‌ನ ಪಕ್ಕದಲ್ಲಿ ‘ಇನ್’, ಅವನಾಚೆ ‘ಕವರ್’ ನಿಲ್ಲುತ್ತಾರೆ. ಓಡಿಬಂದು ಎದೆಗೆ ಗುದ್ದಿ ಹೊರದಬ್ಬುವ ಡ್ಯಾಶ್, ಹಿಂದಿರುಗುವ ದಾರಿಗೆ ಅಡ್ಡ ನಿಲ್ಲುವ ಬ್ಲಾಕ್ ಮುಂತಾದವು ಹೆಚ್ಚಾಗಿ ಕವರ್‌ನ ಕೆಲಸಗಳು. ಕಾರ್ನರ್‌ನ ಕಸುಬು ಆ್ಯಂಕಲ್ ಹೋಲ್ಡ್, ಅಂದರೆ ರೈಡರ್‌ನ ಕಾಲಿನ ಗೆಣ್ಣನ್ನು ಹಿಡಿಯುವುದು. ಹೊರಗಿನಿಂದ ನೋಡಿದವರಿಗೆ ಅದು ಒಮ್ಮೆಲೇ ಬಿದ್ದು ಕಾಲು ತಬ್ಬಿಕೊಂಡಂತೆ ಕಾಣುತ್ತದೆ. ಹತ್ತಿರದಿಂದ ನೋಡಿದರೆ ಅದರೊಳಗೆ ಹಲವು ಹಂತಗಳಿವೆ. ರೈಡರ್ ಬೋನಸ್ ಗೆರೆಯತ್ತ ಕಾಲು ಚಾಚಿದಾಗ ಅರೆಗಳಿಗೆ ಅವನ ಇಡೀ ಮೈಭಾರ ಒಂದೇ ಕಾಲ ಮೇಲೆ ನಿಲ್ಲುತ್ತದೆ. ಚಾಚಿದ ಕಾಲು ಹಿಂದಕ್ಕೆ ಬರುವ ಮುನ್ನದ ಆ ಅರೆಗಳಿಗೆಯೇ ಕಾರ್ನರ್‌ಗೆ ದೊರೆಯುವ ಅವಕಾಶ. ಅದಕ್ಕಾಗಿ ಅವನು ಹಿಮ್ಮಡಿ ಎತ್ತಿ, ಮುಂಗಾಲ ಮೇಲೆ ಭಾರ ಹಾಕಿ, ಮೊಣಕಾಲು ಬಗ್ಗಿಸಿ, ಕೈಗಳನ್ನು ನೆಲಕ್ಕೆ ಹತ್ತಿರವಿಟ್ಟು ಕಾಯುತ್ತಿರುತ್ತಾನೆ. ಹಿಡಿಯುವಾಗ ಎರಡೂ ಅಂಗೈಗಳು ಹಿಮ್ಮಡಿಯ ಮೇಲ್ಗಡೆ ಒಂದರ ಮೇಲೊಂದು ಬೀಗದಂತೆ ಕೂರಬೇಕು, ಬೆರಳುಗಳು ಬಿಡಿಯಾಗಿ ಚಾಚಿಕೊಂಡಿದ್ದರೆ ಉಳುಕುವುದು ಖಂಡಿತ, ಕೆನ್ನೆಯನ್ನು ರೈಡರ್‌ನ ಕಾಲಿಗೆ ಒತ್ತಿ ಅಂಟಿಸಿಕೊಳ್ಳದಿದ್ದರೆ ಒದೆ ಮುಖಕ್ಕೇ ಬೀಳುತ್ತದೆ. ಹಿಡಿದ ಕಾಲನ್ನು ತನ್ನ ಎದೆಗೆಳೆದುಕೊಂಡು ನಡುಗೆರೆಗೆ ವಿರುದ್ಧ ದಿಕ್ಕಿಗೆ ಉರುಳಿದಾಗ ಮಾತ್ರ ಹಿಡಿತ ಪೂರ್ಣವಾಗುತ್ತದೆ. ಅಷ್ಟರಲ್ಲಿ ಇನ್ ಮತ್ತು ಕವರ್ ಮೇಲೆ ಬಿದ್ದು ಸೊಂಟ, ತೊಡೆಗಳನ್ನು ಹಿಡಿಯುತ್ತಾರೆ; ಅವರು ಬರುವವರೆಗಿನ ಆ ಹೊತ್ತನ್ನು ಕಾರ್ನರ್ ಒಬ್ಬನೇ ನಿಭಾಯಿಸಬೇಕು.

ಕಾಲು ಚಾಚುವ ಮೊದಲೇ ಮುನ್ನುಗ್ಗಿದರೆ ಅದಕ್ಕೆ ಅಡ್ವಾನ್ಸ್ ಟ್ಯಾಕಲ್ ಎನ್ನುತ್ತಾರೆ. ಅವಸರದ ಆ ಹಿಡಿತ ಜಾರಿದರೆ ರೈಡರ್‌ಗೆ ಒಂದು ಅಂಕ ಹೋಗುವುದಲ್ಲದೆ, ಮುಟ್ಟಿಸಿಕೊಂಡ ಕಾರ್ನರ್ ಹೊರಗೆ ಕೂರಬೇಕಾಗುತ್ತದೆ, ಮತ್ತು ತನ್ನ ತಂಡ ಅಂಕ ಗಳಿಸಿ ಅವನನ್ನು ಬದುಕಿಸುವವರೆಗೆ ಆ ಮೂಲೆ ಬರಿದಾಗಿರುತ್ತದೆ. ಹುಡುಗ ಕಾರ್ನರ್‌ಗಳೆಲ್ಲರೂ ಮೊದಲು ಮಾಡುವ ತಪ್ಪು ಇದೇ. ತೋಳಿನಲ್ಲಿ ಶಕ್ತಿಯಿರುವವನೇ ಇದನ್ನು ಹೆಚ್ಚಾಗಿ ಮಾಡುತ್ತಾನೆ. ವೇಗವೂ ಬಲವೂ ಹತ್ತೊಂಬತ್ತಕ್ಕೆ ಬಂದಿರಬಹುದು, ಆದರೆ ಯಾವ ರೈಡರ್ ಯಾವ ಹೆಜ್ಜೆಯ ನಂತರ ಕಾಲು ಚಾಚುತ್ತಾನೆ, ಯಾವನದು ಬರಿಯ ಆಸೆ ತೋರಿಸುವ ಕಾಲು ಎಂಬುದನ್ನು ನೂರಾರು ದಾಳಿಗಳನ್ನು ಎದುರಿಸಿದ ಮೇಲಷ್ಟೇ ಕಣ್ಣು ಕಲಿಯುತ್ತದೆ. ರೈಡರ್ ತಪ್ಪಿ ಬರಿಗೈಯಲ್ಲಿ ಹಿಂದಿರುಗಿದರೆ ಸಾಮಾನ್ಯವಾಗಿ ತಂಡಕ್ಕೆ ನಷ್ಟವಿಲ್ಲ, ಕಾರ್ನರ್ ತಪ್ಪಿದರೆ ನಷ್ಟ ಅಂಕಪಟ್ಟಿಯಲ್ಲೇ ಕಾಣುತ್ತದೆ. ಆದ್ದರಿಂದಲೇ ತರಬೇತುದಾರರು ಹೊಸ ರೈಡರ್‌ನನ್ನು ಬೇಗ ಕಣಕ್ಕಿಳಿಸುತ್ತಾರೆ, ಹೊಸ ಕಾರ್ನರ್‌ನನ್ನು ಬೆಂಚಿನಲ್ಲಿ ಕೂರಿಸಿ ಕಾಯಿಸುತ್ತಾರೆ.

ಇಷ್ಟು ಕಾಯಿಸುವ ಈ ಸ್ಥಾನಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲವೆಂದಲ್ಲ. 2016ರ ನಾಲ್ಕನೆಯ ಸೀಸನ್‌ಗೆ ಬೆಂಗಳೂರು ಬುಲ್ಸ್ ತಂಡವು ಬಲ ಕಾರ್ನರ್ ಮೋಹಿತ್ ಛಿಲ್ಲರ್‌ಗೆ 53 ಲಕ್ಷ ರೂಪಾಯಿ ಕೊಟ್ಟಿತು. ಆ ಹರಾಜಿನ ಅತಿ ದೊಡ್ಡ ಮೊತ್ತ ಅದೇ. ಯು ಮುಂಬಾದಲ್ಲಿ ಅವನ ಜೊತೆಗಿದ್ದ ಎಡ ಕಾರ್ನರ್ ಸುರೇಂದರ್ ನಾಡಾ ಸಹ ಅದೇ ಸೀಸನ್‌ನಲ್ಲಿ ಬುಲ್ಸ್‌ಗೆ ಬಂದ. ಒಂದು ಮೂಲೆಯವನು ರೈಡರ್‌ನನ್ನು ತನ್ನತ್ತ ಸೆಳೆದರೆ ಇನ್ನೊಂದು ಮೂಲೆಯವನು ಹಿಂದಿನಿಂದ ದಾರಿ ಮುಚ್ಚುವ ಆಟ ಜೋಡಿಯಿಲ್ಲದೆ ನಡೆಯದು ಎಂಬುದಕ್ಕೆ ಅವರಿಬ್ಬರ ಒಟ್ಟು ಪಯಣವೇ ಸಾಕ್ಷಿ. 2018ರ ಹರಾಜಿನಲ್ಲಿ ಲೀಗ್‌ನ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದು ಕೋಟಿ ರೂಪಾಯಿ ಮುಟ್ಟಿದವನು ರೈಡರ್ ಅಲ್ಲ, ಇರಾನಿನ ಎಡ ಕಾರ್ನರ್ ಫಜಲ್ ಅತ್ರಾಚಲಿ. ಅದೇ ಸೀಸನ್‌ನಲ್ಲಿ ಯು.ಪಿ. ಯೋಧಾದ ಯುವ ಬಲ ಕಾರ್ನರ್ ನಿತೇಶ್ ಕುಮಾರ್ ಒಂದೇ ಸೀಸನ್‌ನಲ್ಲಿ 100 ಟ್ಯಾಕಲ್ ಅಂಕ ಗಳಿಸಿದ ಮೊದಲ ಆಟಗಾರನಾದ. ಟ್ಯಾಕಲ್ ಅಂಕವೆಂದರೆ ರೈಡರ್‌ನನ್ನು ಹಿಡಿದು ಉರುಳಿಸಿದ್ದಕ್ಕೆ ಸಿಗುವ ಅಂಕ. ಒಂದು ಪಂದ್ಯದಲ್ಲಿ ಅಂಥ ಐದು ಅಂಕ ಗಳಿಸಿದರೆ ಹೈ ಫೈವ್ ಎನ್ನುತ್ತಾರೆ, ಅಂಕಣದಲ್ಲಿ ಮೂವರು ಅಥವಾ ಅದಕ್ಕೂ ಕಡಿಮೆ ಮಂದಿ ಉಳಿದಿದ್ದಾಗ ಹಿಡಿದರೆ ಅದು ಸೂಪರ್ ಟ್ಯಾಕಲ್, ಅದಕ್ಕೆ ಎರಡು ಅಂಕ. ನೂರು ಗಳಿಸಿದ ನಿತೇಶ್‌ಗೂ ಮುಂದಿನ ದಾರಿ ಒಂದೇ ಸಮನೆ ಏರಲಿಲ್ಲ. ಕೆಲವು ಸೀಸನ್‌ಗಳ ನಂತರ ತಂಡ ಬದಲಾಯಿತು. ತಮಿಳ್ ತಲೈವಾಸ್‌ನಲ್ಲಿ ಹನ್ನೊಂದನೆಯ ಸೀಸನ್‌ನ ಅತ್ಯುತ್ತಮ ಡಿಫೆಂಡರ್ ಎನಿಸಿಕೊಂಡು ಅವನು ಮತ್ತೆ ಎದ್ದು ನಿಂತ.

ಯುವ ಆಟಗಾರ ಲೀಗ್ ಪ್ರವೇಶಿಸುವ ಬಾಗಿಲಿಗೆ ‘ನ್ಯೂ ಯಂಗ್ ಪ್ಲೇಯರ್’, ಅಂದರೆ ಹೊಸ ಯುವ ಆಟಗಾರ ಎಂದು ಹೆಸರು. ಸುದ್ದಿಗಳಲ್ಲಿ ಅದು ಎನ್‌ವೈಪಿ ಎಂದೇ ಬರುತ್ತದೆ. ಹದಿನೆಂಟು ತುಂಬಿದ, ಇಪ್ಪತ್ತರ ಆಸುಪಾಸಿನ ಹುಡುಗರನ್ನು ಪ್ರತಿಭಾ ಶೋಧದ ಶಿಬಿರಗಳಿಂದ, ರಾಷ್ಟ್ರೀಯ ಕಿರಿಯರ ಪಂದ್ಯಾವಳಿಗಳಿಂದ ಆರಿಸಿ, ಹರಾಜಿಗೆ ಬಿಡದೆ ನಿಗದಿತ ಸಂಭಾವನೆಗೆ ತಂಡಗಳು ಸೇರಿಸಿಕೊಳ್ಳುತ್ತವೆ. ಮೊದಲ ಸೀಸನ್ ಮುಗಿದ ಮೇಲೆ ಅವರನ್ನು ಉಳಿಸಿಕೊಳ್ಳುವ ಹಕ್ಕು ತಂಡದ್ದು. ಪ್ರತಿ ಹರಾಜಿಗೆ ಮುನ್ನ ತಂಡಗಳು ಮೂರು ಬಗೆಯ ಪಟ್ಟಿ ಪ್ರಕಟಿಸುತ್ತವೆ: ಉಳಿಸಿಕೊಂಡ ಪ್ರಮುಖ ಆಟಗಾರರು, ಉಳಿಸಿಕೊಂಡ ಯುವ ಆಟಗಾರರು, ಹಾಲಿ ಹೊಸ ಯುವ ಆಟಗಾರರು. 2025ರ ಹನ್ನೆರಡನೆಯ ಸೀಸನ್‌ಗೆ ಹನ್ನೆರಡು ತಂಡಗಳು ಒಟ್ಟು 83 ಮಂದಿಯನ್ನು ಉಳಿಸಿಕೊಂಡವು, ಅವರಲ್ಲಿ ಪ್ರಮುಖರೆನಿಸಿದವರು 25, ಇನ್ನುಳಿದ ಎರಡು ಯುವ ವರ್ಗಗಳಿಗೆ ಸೇರಿದವರು 58. ಈ ಅಂಕಿಯನ್ನು ಯುವಕರ ಮೇಲಿನ ನಂಬಿಕೆಯೆಂದು ಓದಬಹುದು, ಅದರಲ್ಲಿ ನಿಜವೂ ಇದೆ. ಆದರೆ ನಿಗದಿತ ಮೊತ್ತಕ್ಕೆ ಸಿಗುವ ಆಟಗಾರ ಅಗ್ಗವೆಂಬ ಲೆಕ್ಕವೂ ಅದರಲ್ಲಿ ಸೇರಿದೆ. ಇಡೀ ತಂಡ ಕಟ್ಟಲು ಪ್ರತಿ ಫ್ರಾಂಚೈಸಿಗೆ ಇದ್ದ ಮಿತಿ 5 ಕೋಟಿ ರೂಪಾಯಿ, ಸೇರಿಸಿಕೊಳ್ಳಬೇಕಾದವರು 18ರಿಂದ 25 ಮಂದಿ. ಒಬ್ಬಿಬ್ಬರಿಗೆ ಎರಡು ಕೋಟಿ ಸುರಿದ ತಂಡ ಉಳಿದ ಜಾಗಗಳನ್ನು ತುಂಬುವುದು ಯುವಕರಿಂದಲೇ.

ಯುವ ಅವಧಿ ಮುಗಿದವನು, ಅಥವಾ ಪಟ್ಟಿಯಿಂದ ಕೈಬಿಡಲ್ಪಟ್ಟವನು ಹರಾಜಿಗೆ ಬರುತ್ತಾನೆ. ಅಲ್ಲಿ ಎ, ಬಿ, ಸಿ, ಡಿ ಎಂಬ ನಾಲ್ಕು ದರ್ಜೆಗಳು. 2025ರಲ್ಲಿ ಮೂಲಬೆಲೆ ಕ್ರಮವಾಗಿ 30 ಲಕ್ಷ, 20 ಲಕ್ಷ, 13 ಲಕ್ಷ, 9 ಲಕ್ಷ ರೂಪಾಯಿ ಇತ್ತು. ಕೂಗು ನಿಂತ ಮೇಲೆ ಹಳೆಯ ತಂಡಕ್ಕೆ ಇನ್ನೊಂದು ಅವಕಾಶವಿದೆ. ಬೇರೆ ತಂಡ ಕೂಗಿದ ಕೊನೆಯ ಬೆಲೆಯನ್ನು ತಾನೇ ಕೊಡುತ್ತೇನೆಂದು ಫಲಕವೆತ್ತಿ ತನ್ನ ಆಟಗಾರನನ್ನು ಹಿಂಪಡೆಯಬಹುದು, ಇದಕ್ಕೆ ಫೈನಲ್ ಬಿಡ್ ಮ್ಯಾಚ್ ಎಂದು ಹೆಸರು.

ಪಿರಿಯಾಪಟ್ಟಣದ ಕಂಪಲಾಪುರದಲ್ಲೋ ಹುಣಸೂರಿನ ಕಟ್ಟೆಮಳಲವಾಡಿಯಲ್ಲೋ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಗೆ ಬೇಲ್ ಹೊತ್ತು ಹೋದವರಿಗೆ ಈ ವಿಧಾನದ ಒಳಗುಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷವಿಡೀ ಬೆಳೆದ ಹೊಗೆಸೊಪ್ಪಿಗೆ ಅಲ್ಲಿ ಗ್ರೇಡ್ ಬೀಳುತ್ತದೆ, ಒಂದೊಂದು ಬೇಲ್‌ನ ಮುಂದೆ ಖರೀದಿದಾರರು ನಿಲ್ಲುವುದು ಕೆಲವೇ ಕ್ಷಣ, ಅಷ್ಟರಲ್ಲಿ ಸಂಸಾರದ ವರ್ಷದ ಲೆಕ್ಕ ತೀರ್ಮಾನವಾಗುತ್ತದೆ. ಸೊಪ್ಪು ಚೆನ್ನಾಗಿದ್ದೂ ಆ ದಿನ ಆ ಗ್ರೇಡ್‌ಗೆ ಕೂಗುವವರಿಲ್ಲದಿದ್ದರೆ ಬೆಲೆ ಬಿದ್ದುಹೋಗುವುದನ್ನು ಈ ತಾಲ್ಲೂಕುಗಳ ರೈತರು ಮತ್ತೆ ಮತ್ತೆ ಕಂಡಿದ್ದಾರೆ. ಆಟಗಾರರ ಹರಾಜಿನಲ್ಲೂ ಬೆಲೆ ನಿರ್ಧಾರವಾಗುವುದು ಯೋಗ್ಯತೆಯಿಂದ ಮಾತ್ರವಲ್ಲ. ಆ ಹೊತ್ತಿಗೆ ಎಷ್ಟು ತಂಡಗಳಿಗೆ ಬಲ ಕಾರ್ನರ್ ಬೇಕಾಗಿದೆ, ಅವುಗಳ ಕೈಯಲ್ಲಿ ಎಷ್ಟು ಹಣ ಉಳಿದಿದೆ ಎಂಬುದೂ ಅಷ್ಟೇ ಮುಖ್ಯ. ಆದರೆ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಬೇಲ್ ಮಾರಾಟವಾದ ಮೇಲೆ ಅದರ ಬೆಳವಣಿಗೆ ಮುಗಿದಿರುತ್ತದೆ, ಇಪ್ಪತ್ತೊಂದರ ಕಾರ್ನರ್‌ನದು ಆಗಷ್ಟೇ ಆರಂಭವಾಗಿರುತ್ತದೆ. ಮಾರಿದ ವಸ್ತುವಿನಂತೆ ಅವನನ್ನು ಕಂಡ ತಂಡ ಮೂರು ವರ್ಷದ ನಂತರ ಸಿಗಬಹುದಾಗಿದ್ದ ಆಟವನ್ನು ತಾನೇ ಕಳೆದುಕೊಳ್ಳುತ್ತದೆ.

ಬೆಂಗಳೂರು ಬುಲ್ಸ್‌ನ ಬಲ ಮೂಲೆಯ ಇತ್ತೀಚಿನ ಕಥೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಹರಿಯಾಣದ ಸೌರಭ್ ನಾಂದಲ್ 2019ರ ಏಳನೆಯ ಸೀಸನ್‌ನಲ್ಲಿ ಬುಲ್ಸ್ ಮೂಲಕವೇ ಲೀಗ್‌ಗೆ ಬಂದ. ಎಂಟನೆಯ ಸೀಸನ್ ಇಡಿಯಾಗಿ ಬೆಂಗಳೂರಿನ ವೈಟ್‌ಫೀಲ್ಡ್‌ನ ಹೋಟೆಲೊಂದರಲ್ಲಿ, ಕೋವಿಡ್ ಕಾರಣದಿಂದ ಪ್ರೇಕ್ಷಕರಿಲ್ಲದೆ ನಡೆದಾಗ, ಬಲಗಡೆ ಸೌರಭ್, ಎಡಗಡೆ ಅಮನ್ ಎಂಬ ಜೋಡಿ ಕೂಡಿಬಂತು; ಆ ಸೀಸನ್‌ನಲ್ಲೂ ಅದರ ಮುಂದಿನದರಲ್ಲೂ ಬುಲ್ಸ್ ಸೆಮಿಫೈನಲ್ ತಲುಪಿತು. ತರಬೇತುದಾರ ರಣಧೀರ್ ಸಿಂಗ್ ಸೆಹ್ರಾವತ್ ಹುಡುಗರನ್ನು ಬೇಗ ಬಿಟ್ಟುಕೊಡದೆ ಬೆಳೆಸುವವರೆಂದು ಹೆಸರಾದವರು, ಅದರ ಫಲ ಸೌರಭ್‌ಗೂ ಸಿಕ್ಕಿತು. ಹತ್ತನೆಯ ಸೀಸನ್‌ನಲ್ಲಿ ಅವನೇ ತಂಡದ ನಾಯಕ. ಹನ್ನೊಂದನೆಯ ಸೀಸನ್‌ನಲ್ಲಿ ತಂಡವೇ ಕುಸಿಯಿತು: 22 ಪಂದ್ಯಗಳಲ್ಲಿ ಗೆದ್ದದ್ದು ಎರಡು, ಪಟ್ಟಿಯಲ್ಲಿ ಕೊನೆಯ ಸ್ಥಾನ. ಹಾಗೆ ಸೋಲುವ ತಂಡದಲ್ಲಿ ಕಾರ್ನರ್‌ನ ಅಂಕಿಗಳು ಸಹಜವಾಗಿಯೇ ಇಳಿಯುತ್ತವೆ, ಏಕೆಂದರೆ ತನ್ನ ರೈಡರ್‌ಗಳು ಅಂಕ ತಾರದೆ ಹೋದರೆ ಹೊರಗೆ ಕೂತ ಡಿಫೆಂಡರ್ ಒಳಗೆ ಬರುವುದೇ ತಡವಾಗುತ್ತದೆ. ಐದು ಸೀಸನ್‌ಗಳ ನಂಟು ಅಲ್ಲಿಗೆ ಮುಗಿದು ಸೌರಭ್ ದಬಂಗ್ ಡೆಲ್ಲಿಗೆ ಹೋದ.

ಅದೇ ಹೊತ್ತಿಗೆ ದೆಹಲಿಯ ಬಲ ಕಾರ್ನರ್ ಬೆಂಗಳೂರಿಗೆ ಬಂದ. ಯೋಗೇಶ್ ದಹಿಯಾ ಹತ್ತನೆಯ ಸೀಸನ್‌ನಲ್ಲಿ ದಬಂಗ್ ಡೆಲ್ಲಿಗೆ ಹೊಸ ಯುವ ಆಟಗಾರನಾಗಿ ಸೇರಿ, ಆ ವರ್ಗದ ಶ್ರೇಷ್ಠ ಆಟಗಾರನ ಪ್ರಶಸ್ತಿಯನ್ನೂ ಪಡೆದವನು. ಎರಡು ಸೀಸನ್ ನಿಗದಿತ ಸಂಭಾವನೆಗೆ ಆಡಿದ ನಂತರ 2025ರ ಹರಾಜಿಗೆ ಬಂದಾಗ, ಹೊಸ ತರಬೇತುದಾರ ಬಿ.ಸಿ. ರಮೇಶ್ ಅವರ ಕೈಗೆ ಬಂದಿದ್ದ ಬುಲ್ಸ್ ಅವನಿಗಾಗಿ 1 ಕೋಟಿ 12 ಲಕ್ಷ 50 ಸಾವಿರ ರೂಪಾಯಿ ತೆತ್ತಿತು. ಕರ್ನಾಟಕದವರೇ ಆದ ರಮೇಶ್ ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ತರಬೇತುದಾರರಾಗಿ ಬೆಂಗಾಲ್ ವಾರಿಯರ್ಸ್‌ಗೂ ಪುಣೇರಿ ಪಲ್ಟನ್‌ಗೂ ಪ್ರಶಸ್ತಿ ಗೆಲ್ಲಿಸಿಕೊಟ್ಟವರು. ಆ ಸೀಸನ್‌ನಲ್ಲಿ ಬುಲ್ಸ್ ತಳದಿಂದ ಮೇಲೆದ್ದು ಪ್ಲೇಆಫ್ ಸೇರಿತು, ಸೌರಭ್ ಹೋದ ದಬಂಗ್ ಡೆಲ್ಲಿ ಕಪ್ ಗೆದ್ದಿತು. ಎರಡೂ ತಂಡಗಳಿಗೆ ಒಳಿತೇ ಆಯಿತು ಎನ್ನಬಹುದು. ಆದರೂ ಗಮನಿಸಬೇಕಾದ ಸಂಗತಿಯೊಂದಿದೆ: ಒಬ್ಬನು ಐದು ಸೀಸನ್ ಒಂದೇ ಮೂಲೆಯಲ್ಲಿ ಬೆಳೆದು ನಾಯಕನಾದ, ಇನ್ನೊಬ್ಬನು ಎರಡನೆಯ ಸೀಸನ್ ಮುಗಿಯುತ್ತಲೇ ಮಾರುಕಟ್ಟೆಗೆ ಬಂದು ಬೆಲೆ ಕಟ್ಟಿಸಿಕೊಂಡ. ಮೊದಲನೆಯ ದಾರಿಯಲ್ಲಿ ಭದ್ರತೆ ಹೆಚ್ಚು, ಎರಡನೆಯದರಲ್ಲಿ ಹಣ ಹೆಚ್ಚು. ಯಾವುದು ಸಿಗುತ್ತದೆಂಬುದು ಮಾತ್ರ ಹುಡುಗನ ಆಯ್ಕೆಗೆ ಬಿಟ್ಟದ್ದಾಗಿರುವುದು ಅಪರೂಪ.

ಹೊರಗಿನ ಲೋಕದಲ್ಲಿ ಇದಕ್ಕೆ ಬೇರೆ ವ್ಯವಸ್ಥೆಗಳಿವೆ. ಅಮೆರಿಕದ ಫುಟ್‌ಬಾಲ್‌ನಲ್ಲಿ ಕಾರ್ನರ್‌ಬ್ಯಾಕ್ ಎಂಬವನು ಮೈದಾನದ ಅಂಚಿನಲ್ಲಿ ಎದುರಾಳಿಯ ವೇಗದ ಓಟಗಾರನನ್ನು ಒಂಟಿಯಾಗಿ ಕಾಯುತ್ತಾನೆ. ತಪ್ಪಿದರೆ ಎಲ್ಲರ ಕಣ್ಣಿಗೆ ಬೀಳುವ, ಹದಗೊಳ್ಳಲು ಕಾಲ ಬೇಡುವ ಗುಣದಲ್ಲಿ ಅವನು ಕಬಡ್ಡಿಯ ಕಾರ್ನರ್‌ಗೆ ದಾಯಾದಿ. ಅಲ್ಲಿನ ವೃತ್ತಿಪರ ಲೀಗ್‌ನಲ್ಲಿ ಡ್ರಾಫ್ಟ್ ಎಂಬ ಸರದಿ ಆಯ್ಕೆಯಲ್ಲಿ ಬಂದ ಹೊಸ ಆಟಗಾರನಿಗೆ ನಾಲ್ಕು ವರ್ಷದ ಒಪ್ಪಂದ ಸಿಗುತ್ತದೆ, ಮೊದಲ ಸುತ್ತಿನಲ್ಲಿ ಆಯ್ಕೆಯಾದವನನ್ನು ಐದನೆಯ ವರ್ಷಕ್ಕೂ ಉಳಿಸಿಕೊಳ್ಳುವ ಹಕ್ಕು ತಂಡಕ್ಕಿರುತ್ತದೆ. ಈ ಷರತ್ತುಗಳನ್ನು ಗೊತ್ತುಮಾಡುವುದು ಲೀಗ್ ಒಂದೇ ಅಲ್ಲ, ಆಟಗಾರರ ಸಂಘವೂ ಕೂತು ಮಾತಾಡಿ ಬರೆಸಿಕೊಂಡ ಸಾಮೂಹಿಕ ಒಪ್ಪಂದ. ಕಾರ್ನರ್‌ಗೆ ಬೇಕಾದ ಕಾಲಾವಕಾಶ ಅಲ್ಲಿ ಕಾಗದದ ಮೇಲೆಯೇ ಇದೆ, ಮತ್ತು ಕಬಡ್ಡಿ ಅಲ್ಲಿಂದ ಕಲಿಯಬೇಕಾದದ್ದು ಮೊತ್ತವನ್ನಲ್ಲ, ಈ ಕಾಲಾವಕಾಶವನ್ನು.

ಕಾನೂನಿನ ಕಡೆಯಿಂದ ನೋಡಿದರೆ, ಹಳ್ಳಿಯ ಮನೆಗಳಲ್ಲಿ ತಿಳಿದಿರಲೇಬೇಕಾದ ಎರಡು ಮಾತುಗಳಿವೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 11ನೆಯ ಕಲಮಿನ ಪ್ರಕಾರ ಹದಿನೆಂಟು ತುಂಬದವನು ಒಪ್ಪಂದ ಮಾಡಿಕೊಳ್ಳಲು ಅರ್ಹನಲ್ಲ. ಅಂಥ ಒಪ್ಪಂದ ಬುಡದಿಂದಲೇ ಅಸಿಂಧುವೆಂದು 1903ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪಿತ್ತಿದೆ. ಆದ್ದರಿಂದ ಪ್ರೌಢಶಾಲೆಯ ಹುಡುಗನಿಂದ ಯಾರಾದರೂ ‘ಮುಂದೆ ನಮ್ಮ ಮೂಲಕವೇ ಆಡಬೇಕು’ ಎಂದು ಸಹಿ ಹಾಕಿಸಿಕೊಂಡರೆ ಆ ಕಾಗದ ಅವನನ್ನು ಕಟ್ಟಿಹಾಕದು. ಎರಡನೆಯದು ಅದೇ ಕಾಯ್ದೆಯ 27ನೆಯ ಕಲಮು, ಯಾರೊಬ್ಬರೂ ತಮ್ಮ ಕಸುಬು ಮಾಡದಂತೆ ತಡೆಯುವ ಕರಾರು ನಿಲ್ಲದು ಎನ್ನುವಂಥದು. ಕ್ರಿಕೆಟಿಗ ಜಹೀರ್ ಖಾನ್ ಮತ್ತು ಪರ್ಸೆಪ್ಟ್ ಡಿಮಾರ್ಕ್ ಎಂಬ ಪ್ರಚಾರ ಸಂಸ್ಥೆಯ ನಡುವಿನ ವ್ಯಾಜ್ಯದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು: ಒಪ್ಪಂದದ ಅವಧಿ ಮುಗಿದ ಮೇಲೂ ಬೇರೆಯವರು ಕೊಡಲು ಬಂದ ಮೊತ್ತವನ್ನು ಹಳೆಯ ಸಂಸ್ಥೆಗೆ ಮೊದಲು ತಿಳಿಸಿ, ಅದು ಅಷ್ಟೇ ಕೊಡುವುದಾದರೆ ಅದರೊಡನೆಯೇ ಒಪ್ಪಂದ ಮಾಡಿಕೊಳ್ಳಬೇಕೆಂಬ ಷರತ್ತು ಕ್ರೀಡಾಪಟುವಿನ ಕಸುಬಿಗೆ ಹಾಕಿದ ಬೇಲಿ, ಆದ್ದರಿಂದ ಅದು ನಿಲ್ಲದು ಎಂಬುದು ಆ ತೀರ್ಪಿನ ಸಾರ. ಆಟಗಾರನೇ ಒಪ್ಪಿ ಪ್ರವೇಶಿಸುವ ಲೀಗ್ ಹರಾಜಿನ ನಿಯಮಕ್ಕೆ ಇದು ಹಾಗೆಯೇ ಅನ್ವಯಿಸುತ್ತದೆಂದು ತೀರ್ಮಾನಿಸಲಾಗದು, ಏಕೆಂದರೆ ಅಲ್ಲಿ ಮೊತ್ತವೂ ಬಹಿರಂಗ, ಅವಧಿಯೂ ಬಹಿರಂಗ. ಆದರೆ ಹುಡುಗ ಮತ್ತು ಮಧ್ಯವರ್ತಿಯ ನಡುವೆ ಬರೆದುಕೊಳ್ಳುವ ಖಾಸಗಿ ಕಾಗದಗಳನ್ನು ಓದುವಾಗ ಈ ತೀರ್ಪು ನೆನಪಿನಲ್ಲಿರಬೇಕು.

ಒಪ್ಪಂದದಲ್ಲಿ ಎಲ್ಲಕ್ಕಿಂತ ಮೊದಲು ಓದಬೇಕಾದ ಸಾಲು ಮೊತ್ತದ್ದಲ್ಲ, ಗಾಯದ್ದು. 2022ರ ಒಂಬತ್ತನೆಯ ಸೀಸನ್‌ಗೆ 2 ಕೋಟಿ 26 ಲಕ್ಷ ರೂಪಾಯಿಗೆ ತಮಿಳ್ ತಲೈವಾಸ್ ಸೇರಿದ್ದ ರೈಡರ್ ಪವನ್ ಸೆಹ್ರಾವತ್ ತನ್ನ ಮೊದಲ ಪಂದ್ಯದಲ್ಲೇ, ಅದೂ ದಾಳಿಯಲ್ಲಲ್ಲ, ಎದುರಾಳಿಯ ರೈಡರ್‌ನನ್ನು ಹಿಡಿಯಲು ಹೋಗಿ ಮೊಣಕಾಲು ಪೆಟ್ಟು ಮಾಡಿಕೊಂಡು ಇಡೀ ಸೀಸನ್ ಹೊರಗುಳಿದ. ಬುಲ್ಸ್‌ಗೆ 2019ರ ಜನವರಿ 5ರ ಫೈನಲ್‌ನಲ್ಲಿ ಒಬ್ಬನೇ 22 ಅಂಕ ತಂದು ಕಪ್ ಗೆಲ್ಲಿಸಿದ್ದ ಅವನಂಥ ತಾರೆ ಮುಂದಿನ ಹರಾಜಿನಲ್ಲಿ 2 ಕೋಟಿ 60 ಲಕ್ಷಕ್ಕೂ ಹೆಚ್ಚಿನ ಬೆಲೆಗೆ ಮರಳಿ ಬರಬಲ್ಲ. ಇನ್ನೂ ಹೆಸರಾಗದ ಕಾರ್ನರ್‌ಗೆ ಅದೇ ಪೆಟ್ಟು ಬಿದ್ದರೆ ಅವನಿಗಾಗಿ ಯಾರೂ ಕಾಯುವುದಿಲ್ಲ. ಶಸ್ತ್ರಚಿಕಿತ್ಸೆಯ ಖರ್ಚು ಯಾರದು, ಆಡದ ಪಂದ್ಯಗಳ ಸಂಭಾವನೆ ಸಿಗುತ್ತದೆಯೇ, ಸೀಸನ್ ಮುಗಿದ ಮೇಲಿನ ಚಿಕಿತ್ಸೆಗೆ ವಿಮೆಯಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಕಾಗದದಲ್ಲಿ ಉತ್ತರವಿಲ್ಲದಿದ್ದರೆ ಸಹಿ ಹಾಕುವ ಮುನ್ನ ಕೇಳಲೇಬೇಕು, ಕೇಳಲು ಹಿಂಜರಿಯುವ ಹುಡುಗನ ಪರವಾಗಿ ದೈಹಿಕ ಶಿಕ್ಷಕರೋ ಊರಿನ ವಕೀಲರೋ ಕೇಳಬೇಕು. ಕಾಲು ಹಿಡಿಯುವವನಿಗೆ ಬೆರಳು, ಭುಜ, ಮುಖ, ಮೊಣಕಾಲುಗಳ ಪೆಟ್ಟು ಕಸುಬಿನ ಭಾಗವೇ ಆಗಿರುವುದರಿಂದ ಇದು ಅತಿಯಾದ ಎಚ್ಚರವಲ್ಲ.

ಇನ್ನು ಹೆಗ್ಗಡದೇವನಕೋಟೆಯಂಥ ಊರಿನಿಂದ ಲೀಗ್‌ನ ಮ್ಯಾಟ್‌ವರೆಗಿನ ದಾರಿ. ಶಾಲೆಯ ಕ್ರೀಡಾಕೂಟ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂಬ ಮೆಟ್ಟಿಲುಗಳಲ್ಲಿ ಏರುತ್ತದೆ. ದಸರಾ ಕ್ರೀಡಾಕೂಟದ್ದೂ ಹೆಚ್ಚುಕಡಿಮೆ ಅದೇ ಕ್ರಮ, ಕೊನೆಯ ಮೆಟ್ಟಿಲು ಮೈಸೂರಿನಲ್ಲೇ ಇರುವುದು ಈ ಭಾಗದವರ ಅದೃಷ್ಟ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಆಯ್ಕೆಯಾದವರಿಗೆ ಊಟ, ವಸತಿ, ತರಬೇತಿ ದೊರೆಯುತ್ತವೆ. 2018ರಿಂದ ಖೇಲೋ ಇಂಡಿಯಾ ಯೋಜನೆಯೂ ಸೇರಿದ್ದು, ಅದರಲ್ಲಿ ದೀರ್ಘಾವಧಿಗೆ ಆಯ್ಕೆಯಾದ ಆಟಗಾರನಿಗೆ ತಿಂಗಳಿಗೆ 10 ಸಾವಿರ ರೂಪಾಯಿ ಕೈಖರ್ಚಿಗೆ ಸಿಗುತ್ತದೆ. ಮೆಟ್ಟಿಲುಗಳು ಇವೆ, ನಿಜ. ಆದರೆ ಶಾಲಾ ಕೂಟಗಳ ಒಂದು ದಿನದ ಪಂದ್ಯದಲ್ಲಿ ಆಯ್ಕೆಗಾರರ ಕಣ್ಣಿಗೆ ಬೀಳುವವನು ನಾಲ್ಕು ಅಂಕ ತಂದ ರೈಡರ್. ರೈಡರ್ ತನ್ನ ಮೂಲೆಯತ್ತ ಬರಲೇ ಹೆದರುವಂತೆ ನಿಂತ ಕಾರ್ನರ್‌ನ ಹೆಸರಿನ ಮುಂದೆ ಸ್ಕೋರ್ ಹಾಳೆಯಲ್ಲಿ ಸೊನ್ನೆಯೇ ಇರುತ್ತದೆ. ಲೀಗ್‌ನಲ್ಲಿ ಹೆಸರು ಮಾಡಿದ ಕನ್ನಡಿಗರಲ್ಲಿ ಸುಕೇಶ್ ಹೆಗ್ಡೆ, ಪ್ರಶಾಂತ್ ಕುಮಾರ್ ರೈ ಅವರಂಥ ಕರಾವಳಿಯ ರೈಡರ್‌ಗಳೇ ಮೊದಲು ನೆನಪಾಗುವುದಕ್ಕೂ, ಬೆಂಗಳೂರಿನ ಹೆಸರು ಹೊತ್ತ ತಂಡದ ಮೂಲೆಗಳನ್ನು ಹರಿಯಾಣ, ದೆಹಲಿಗಳ ಹುಡುಗರೇ ಕಾದು ಬಂದಿರುವುದಕ್ಕೂ ಇದೊಂದು ಕಾರಣವಿರಬೇಕು. ಉತ್ತರದ ಹಳ್ಳಿಗಳಲ್ಲಿ ಕಾಲು ಹಿಡಿಯುವುದು ಕುಸ್ತಿಯೊಡನೆ ಬೆರೆತ ವಿದ್ಯೆ. ಗರಡಿಮನೆಗಳ ಪರಂಪರೆಯಿರುವ ಮೈಸೂರು ಸೀಮೆಗೆ ಅದು ಪರಕೀಯವಾಗಬೇಕಾಗಿಲ್ಲ.

ನೆಲದ ಪ್ರಶ್ನೆಯೂ ಇದೆ. ಮಣ್ಣಿನ ಅಂಕಣದಲ್ಲಿ ಬರಿಗಾಲು ಜಾರುತ್ತದೆ, ಆ ಜಾರುವಿಕೆಯನ್ನೇ ಬಳಸಿ ಕಾರ್ನರ್ ಉರುಳುವುದನ್ನು ಕಲಿಯುತ್ತಾನೆ. ಮ್ಯಾಟ್ ಮೇಲೆ ಬೂಟು ಕಚ್ಚಿ ಹಿಡಿಯುತ್ತದೆ, ಉರುಳುವ ಮೈಯನ್ನು ಮೊಣಕಾಲು ಹಿಂಬಾಲಿಸದಿದ್ದರೆ ಪೆಟ್ಟು ಅಲ್ಲೇ. ಮಣ್ಣಿನಲ್ಲಿ ಬೆಳೆದು ಜಿಲ್ಲಾ ಮಟ್ಟದಲ್ಲಿ ಮೊದಲ ಬಾರಿಗೆ ಮ್ಯಾಟ್ ಕಾಣುವ ಹುಡುಗ ತನ್ನ ಆಟದ ಅರ್ಧವನ್ನು ಮತ್ತೆ ಕಲಿಯಬೇಕಾಗುತ್ತದೆ, ಅದೂ ಆಯ್ಕೆ ನಡೆಯುವ ದಿನವೇ.

ಲೀಗ್‌ಗಿಂತ ಮುಂಚೆ ಕಬಡ್ಡಿಪಟುವಿನ ಭವಿಷ್ಯವೆಂದರೆ ನೌಕರಿ ಎಂದೇ ಅರ್ಥವಿತ್ತು. ರೈಲ್ವೆ, ಸೇನೆ, ಪೊಲೀಸ್ ಇಲಾಖೆ, ಬ್ಯಾಂಕುಗಳು ಕ್ರೀಡಾ ಕೋಟಾದಲ್ಲಿ ಆಟಗಾರರನ್ನು ತೆಗೆದುಕೊಂಡು ತಂಡ ಕಟ್ಟುತ್ತಿದ್ದವು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿದ್ದ ವಿಜಯಾ ಬ್ಯಾಂಕ್‌ನ ಕಬಡ್ಡಿ ತಂಡ ಹೆಸರುವಾಸಿಯಾಗಿತ್ತು. 2019ರ ಏಪ್ರಿಲ್ 1ರಂದು ಆ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಕೆಲವೇ ತಿಂಗಳ ಲೀಗ್ ಕೊಡುವ ಹಣ ದೊಡ್ಡದು, ಆದರೆ ಅದು ಆ ಸೀಸನ್‌ನದು. ನೌಕರಿಯ ಸಂಬಳ ಚಿಕ್ಕದು, ಆದರೆ ಮೊಣಕಾಲು ಕೆಟ್ಟರೂ ನಿಲ್ಲದು. ತಂಬಾಕಿನ ಲೈಸೆನ್ಸ್ ಇಟ್ಟುಕೊಂಡೂ ಒಂದು ಎಕರೆ ರಾಗಿ ಬಿತ್ತುವ ಮನೆಯವರಿಗೆ ಈ ಲೆಕ್ಕ ತಾನಾಗಿ ತಿಳಿಯುತ್ತದೆ. ಲೀಗ್‌ನ ಕನಸಿಗಾಗಿ ಪದವಿಯನ್ನೂ ಕೋಟಾದ ಅರ್ಜಿಯನ್ನೂ ಬಿಟ್ಟ ಹುಡುಗನಿಗಿಂತ ಎರಡನ್ನೂ ಕೈಯಲ್ಲಿಟ್ಟುಕೊಂಡವನು ಹರಾಜಿನ ದಿನ ನೆಮ್ಮದಿಯಾಗಿರುತ್ತಾನೆ.

ಹುಡುಗಿಯರಿಗೆ ಈ ಎರಡು ದಾರಿಗಳಲ್ಲಿ ಒಂದೇ ಉಳಿದಿದೆ ಎಂಬುದು ಈ ಇಡೀ ವಿಷಯದಲ್ಲಿ ಹೆಚ್ಚು ನೋಯಿಸುವ ಸಂಗತಿ. 2012ರಲ್ಲಿ ಪಟ್ನಾದಲ್ಲಿ ನಡೆದ ಮಹಿಳೆಯರ ಮೊದಲ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ಕಾರ್ಕಳ ಕಡೆಯ ಮಮತಾ ಪೂಜಾರಿ. 2016ರಲ್ಲಿ ಪುರುಷರ ಲೀಗ್‌ನ ಜೊತೆಗೆ ಮೂರು ತಂಡಗಳ ಮಹಿಳಾ ಪಂದ್ಯಾವಳಿಯೊಂದು ನಡೆಯಿತು, ಪುರುಷರ ಲೀಗ್‌ನಂತೆ ಅದು ವರ್ಷ ವರ್ಷವೂ ಬೇರೂರಲಿಲ್ಲ. ಮೈಸೂರು ಜಿಲ್ಲೆಯದೇ ಆದ ತಿರುಮಕೂಡಲು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ 2025ರ ಜನವರಿಯಲ್ಲಿ ಖೊಖೊ ವಿಶ್ವಕಪ್ ಗೆದ್ದ ತಂಡದಲ್ಲಿದ್ದದ್ದನ್ನು ಕಂಡ ಮೇಲೆ, ಈ ಜಿಲ್ಲೆಯ ಹಳ್ಳಿಯ ಹುಡುಗಿಯರಲ್ಲಿ ಆಟವಿಲ್ಲವೆಂದು ಯಾರೂ ಹೇಳಲಾರರು. ಅವರ ಮುಂದೆ ಇಡಲು ಒಪ್ಪಂದದ ಕಾಗದವೇ ಇಲ್ಲ.

ಕೊನೆಯದಾಗಿ ಕ್ಯಾಲೆಂಡರಿನ ಮಾತು. ಮುಂಗಾರಿಗೆ ನಾಟಿಯಾದ ಹೊಗೆಸೊಪ್ಪು ಮುರಿಯಲು ಬರುವುದು ಜುಲೈ ಹೊತ್ತಿಗೆ, ಶಾಲಾ ಕೂಟಗಳು ಬಿರುಸಾಗುವುದೂ ಆಗಲೇ. ಸೊಪ್ಪು ಬೇಯಿಸುವ ಬ್ಯಾರನ್‌ಗೆ ರಾತ್ರಿಯಿಡೀ ಸೌದೆ ಹಾಕಿ ಕಾವು ಕಾಯುವ ಸರದಿ ಮನೆಯ ಹುಡುಗರದ್ದೂ ಹೌದು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಶಾಲಾ ಮೈದಾನಗಳಲ್ಲಿ ಆ ತಿಂಗಳುಗಳಲ್ಲಿ ಏಳು ಮಂದಿ ಸೇರುವುದೇ ಕಷ್ಟ. ಕಾರ್ನರ್‌ನ ಅಭ್ಯಾಸಕ್ಕೆ ಏಳು ಮಂದಿ ಬೇಕಾಗಿಯೂ ಇಲ್ಲ. ಸುಣ್ಣದಲ್ಲಿ ಎಳೆದ ಒಂದು ಬೋನಸ್ ಗೆರೆ, ಅದರಾಚೆ ಒಂದೂಮುಕ್ಕಾಲು ಮೀಟರ್ ನೆಲ, ಇಬ್ಬರು ಹುಡುಗರು ಇದ್ದರೆ ಸಾಕು. ಮೊದಲ ಹತ್ತು ದಾಳಿಗಳಿಗೆ ಕಾರ್ನರ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾನೆ, ಹಿಡಿಯುವಂತಿಲ್ಲ, ಹೆಜ್ಜೆ ಎಣಿಸಬೇಕು ಅಷ್ಟೇ. ಹನ್ನೊಂದನೆಯ ದಾಳಿಗೆ ಕೈ ಬಿಡಿಸಿಕೊಳ್ಳುತ್ತಾನೆ. ಒಬ್ಬ ಕಾಲು ಚಾಚುತ್ತಾನೆ, ಇನ್ನೊಬ್ಬ ಕಾಯುತ್ತಾನೆ.